ಬಣ್ಣದ ಕಿರೀಟ

ಅವರು ಮೊಬೈಲ್ ಗೇಮ್ ಕಂಪನಿಯೊಂದರ ಹಿರಿಯ ಕಂಪ್ಯೂಟರ್ ವಿಜ್ಞಾನಿ. ಬೇಸತ್ತು ಆಟ ಬಿಡಲು ಹೊರಟವರನ್ನು ಮುಂಚೆಯೇ ಗುರುತಿಸುವ ತಂತ್ರಾಂಶ ಅವರದೇ ಸೃಷ್ಟಿ.

"ಬಿಡೋನು ಮೊದಲು ಆಟದ ಚಾಟ್‌ನಲ್ಲಿ ಮಾತು ಕಮ್ಮಿ ಮಾಡ್ತಾನೆ, ಸುಮೇಧಾ," ಎಂದು ಪಕ್ಕದ ಮೇಜಿನ ಸಹೋದ್ಯೋಗಿಗೆ ಹೇಳಿ ನಗುತ್ತಿದ್ದರು. "ಆಮೇಲೆ ತಡವಾಗಿ ಬರ್ತಾನೆ, ಬೇಗ ಹೋಗ್ತಾನೆ. ಆಗ ಅವನ ತಲೆ ಮೇಲೊಂದು ಕಿರೀಟ ಇಟ್ಟುಬಿಡಬೇಕು. ಬರೀ ಬಣ್ಣದ ಚಿತ್ರ ಅದು! ಆದ್ರೂ ತನ್ನ ಯೋಗ್ಯತೆಗೆ ಸಿಕ್ತು ಅಂತ ಉಬ್ಬಿಹೋಗಿ ಅಲ್ಲೇ ಬಿದ್ದಿರ್ತಾನೆ. ಕುರಿಗಳು!"

ಕುರಿ ಕಾಯುವುದೂ ಕ್ರಮೇಣ ಅವರಿಗೆ ಸಾಕಾಯಿತು. ಮೀಟಿಂಗ್‌ಗಳಲ್ಲಿ ಸುಮ್ಮನೆ ಕುಳಿತು, ಸಂಜೆ ಎಲ್ಲರಿಗಿಂತ ಮೊದಲು ಎದ್ದು ಹೋಗತೊಡಗಿದರು. ಕೊನೆಗೆ, ಕೆಲಸ ಬಿಡುತ್ತೇನೆಂದು ಹೇಳಲು ಎಂ.ಡಿ. ಕೋಣೆಗೆ ಹೋದರು.

ಅವರು ಬಾಯಿ ತೆರೆಯುವ ಮೊದಲೇ ಎಂ.ಡಿ. ಎದ್ದು ಬಂದು ಕೈಕುಲುಕಿದರು.

"ನಿಮಗೇ ಹೇಳಿಕಳಿಸೋಣ ಅಂತಿದ್ದೆ ಸರ್. ಇವತ್ತಿಂದ ನೀವು ನಮ್ಮ ಮಹಾವಿಜ್ಞಾನಿ! ಸಂಬಳ ಅದೇ, ಕೆಲಸಾನೂ ಅದೇ. ಆದ್ರೆ ಈ ಪದವಿ ಇಡೀ ಕಂಪನಿಯಲ್ಲಿ ನಿಮಗೊಬ್ಬರಿಗೇ."

ಹೇಳಬೇಕೆಂದಿದ್ದ ಮಾತನ್ನು ಅಲ್ಲೇ ನುಂಗಿಕೊಂಡು ಮಹಾವಿಜ್ಞಾನಿಗಳು ಎದೆಯುಬ್ಬಿಸಿ ಹೊರಬಂದರು.

"ನೋಡಿದ್ಯಾ ಸುಮೇಧಾ, ಕೊನೆಗೂ ನನ್ನ ಯೋಗ್ಯತೆ ಗುರುತಿಸಿದ್ರು. ಕೇಳದೇನೇ ಕೊಟ್ರು!"

"ಕಂಗ್ರಾಟ್ಸ್ ಸರ್," ಸುಮೇಧಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಹೋದ ತಿಂಗಳು ನಿಮ್ಮ ತಂತ್ರಾಂಶಾನ ಎಂ.ಡಿ. ಸ್ಟಾಫ್ ಮೇಲೂ ಹಾಕಿಸಿದ್ರು. ಇವತ್ತು ಬೆಳಿಗ್ಗೆ ಅದು ತೋರಿಸಿದ ಮೊದಲನೇ ಹೆಸರೇ ನಿಮ್ಮದು."