ಟೀಚರ್ ತಿಂದ ಮೀನು

ಕೇಳಿದ್ದು ಬಿಟ್ಟು ಬೇರೆ ತಟ್ಟೆ ಒಂದೇ ಒಂದು ಬಂದರೂ ಸಾಕು, ಪಾಂಗ್ ನಾಳೆಯಿಂದ ಮನೆಯಲ್ಲಿರಬಹುದು. ಮ್ಯಾನೇಜರ್ ಎಡ್ಮಂಡ್ ಯಾಪ್ ಬೆಳಗ್ಗೆಯೇ ಹಾಗೆಂದು ಹೇಳಿ, ಮಧ್ಯಾಹ್ನದ ಊಟದ ಹೊತ್ತಿಗೆ ತಾನೇ ಬಂದು ಊಟದ ಹಾಲ್ ನಡುವಿನ ಮೇಜಿನ ಬಳಿ ಕುಳಿತಿದ್ದ.

ಪಾಂಗ್‌ಗೆ ಎಪ್ಪತ್ನಾಲ್ಕು. ಕ್ವಾಲಾಲಂಪುರದ ಆ ಹಳೆಯ ಹೋಟೆಲಿನಲ್ಲಿ ಬಡಿಸಲು ಸೇರಿ ಐವತ್ತೊಂದು ವರ್ಷ. ಚೀನಾದ ಹೈನಾನ್ ದ್ವೀಪದಿಂದ ಬಂದ ಅವನ ಹಿರಿಯರ ಹಾಗೆ ಅವನೂ ಆರ್ಡರ್ ಬರೆದುಕೊಳ್ಳುತ್ತಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸ್ವಲ್ಪ ಬಾಗಿ ಕೇಳಿಸಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ತನ್ನ ಭಾಷೆಯಲ್ಲಿ ಕೂಗುತ್ತಿದ್ದ. ಎಡ್ಮಂಡನಿಗೆ ಆ ಭಾಷೆ ಬಾರದು.

ಕಂಪನಿಯೊಂದು ಹೋಟೆಲನ್ನು ಕೊಂಡು ಒಂದೂವರೆ ವರ್ಷವಾಗಿತ್ತು. ಹೆಚ್ಚುಕಡಿಮೆ ಆಗಿನಿಂದಲೇ ಪಾಂಗ್‌ಗೆ ಮರೆವು. ಸೂಪು ಕೇಳಿದವರಿಗೆ ಆಮ್ಲೆಟ್, ಆಮ್ಲೆಟ್ ಕೇಳಿದವರಿಗೆ ಇನ್ನೇನೋ. ಹಳೆಯ ಗಿರಾಕಿಗಳು ದೂರು ಹೇಳದೆ ತಿಂದು ಹೋಗುತ್ತಿದ್ದರು. ಹೋದ ವಾರ ಮಾತ್ರ ಎಡ್ಮಂಡ್ ಪಕ್ಕದಲ್ಲೇ ನಿಂತಿದ್ದಾಗ ಒಂದು ತಪ್ಪು ಅವನ ಕಣ್ಣಿಗೆ ಬಿತ್ತು.

ಹನ್ನೆರಡೂವರೆಗೆ ಚಿಯಾ ಟೀಚರ್ ಬಂದರು. ಹುಡುಗಿಯರ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯಿನಿ. ಪ್ರತಿ ಗುರುವಾರ ಇಲ್ಲೇ ಊಟ. ಫ್ಯಾನಿನ ಗಾಳಿ ಅವರ ನೋಯುವ ಭುಜಕ್ಕೆ ತಾಗದಂತೆ ಪಾಂಗ್ ಕುರ್ಚಿಯನ್ನು ಒಂದು ಗೇಣು ಸರಿಸಿದ.

"ಹೊಸದಾಗಿ ಮಾಡ್ಸಿದ ಹಾಲ್ ಹೇಗಿದೆ ಟೀಚರ್?" ಎಂದು ಎಡ್ಮಂಡ್ ಎದ್ದು ಕೇಳಿದ.

"ಗೋಡೆ ಮೇಲಿನ ಫೋಟೋದಲ್ಲಿ ಆ ಮೀಸೆಯವರು ಯಾರಪ್ಪ? ನಿಮ್ಮ ತಾತನಾ?"

"ಅಲ್ಲ ಟೀಚರ್, ಹಳೇ ಕಾಲದ ಕಳೆ ಇರ್ಲಿ ಅಂತ ಹಾಕ್ಸಿದ್ದು. ಅಂಗಡೀಲಿ ಸಿಗುತ್ತೆ."

"ತಾತನನ್ನೂ ಅಂಗಡೀಲಿ ಕೊಂಡ್ಕೊಂಡ್ರಾ. ಒಳ್ಳೇದಾಯ್ತು, ಸಾಕೋ ಖರ್ಚಿಲ್ಲ."

ಎಡ್ಮಂಡ್ ನಕ್ಕು ಕುಳಿತ. ಟೀಚರ್ ಚಿಕನ್ ಚಾಪ್ ಹೇಳಿದರು. ಪಕ್ಕದ ಮೇಜಿನ ದೇವಸಹಾಯಂ, ರೈಲ್ವೆಯಲ್ಲಿದ್ದವರು, ಮಟನ್ ಕರಿ ಎಂದರು. ಕಿಟಕಿಯ ಬಳಿ ಡಿಕ್ರೂಜ್ ದಂಪತಿ ಇಬ್ಬರಿಗೂ ಚಾಪ್ ಹೇಳಿದರು. ಎಡ್ಮಂಡ್ ನಾಲ್ಕನ್ನೂ ಫೋನಿನಲ್ಲಿ ಬರೆದುಕೊಳ್ಳುವುದನ್ನು ಟೀಚರ್ ಕಂಡರು. ಪಾಂಗ್‌ನ ತಪ್ಪು ಹಿಡಿಯಲೆಂದೇ ಕುಳಿತಿದ್ದಾನೆಂದು ತಿಳಿದು ಅವರ ಮುಖ ಬಿಗಿದುಕೊಂಡಿತು.

ಮೊದಲು ಊಟ ಬಂದದ್ದು ಒಂಬತ್ತು ಮಂದಿ ಪ್ರವಾಸಿಗಳ ದೊಡ್ಡ ಮೇಜಿಗೆ. ಒಬ್ಬೊಬ್ಬರದು ಒಂದೊಂದು. ಒಬ್ಬನಿಗೆ ಈರುಳ್ಳಿ ಬೇಡ, ಇನ್ನೊಬ್ಬಳಿಗೆ ಗ್ರೇವಿ ಬೇರೆ ಬಟ್ಟಲಿನಲ್ಲಿ. ಪಾಂಗ್ ಯಾರನ್ನೂ ಮತ್ತೊಮ್ಮೆ ಕೇಳದೆ ಒಂಬತ್ತು ತಟ್ಟೆಗಳನ್ನೂ ಸರಿಯಾಗಿ ಇಟ್ಟ.

"ನೋಡಿದ್ರಾ," ಟೀಚರ್ ದೇವಸಹಾಯಂ ಕಡೆಗೆ ಬಾಗಿದರು. "ಹೊರಗಿನವರನ್ನ ಕಂಡ್ರೆ ಇವನ ತಲೆ ರೈಲಿನ ಹಾಗೆ ಓಡುತ್ತೆ. ಮರೆವೆಲ್ಲ ನಮ್ಮ ಪಾಲಿಗೆ."

"ಅವರು ಕಂಪ್ಲೇಂಟ್ ಬರೀತಾರಲ್ಲ ಟೀಚರ್. ಹೆದರಿಕೆಗೆ ನೆನಪಿರುತ್ತೆ. ನಮ್ಮ ಹತ್ರ ಅವನಿಗೆ ಭಯವಿಲ್ಲ, ಅಷ್ಟೆ."

ಅಡುಗೆಮನೆಯ ಬಾಗಿಲು ತೆರೆಯಿತು. ಪಾಂಗ್ ಟೀಚರ್ ಮುಂದೆ ತಟ್ಟೆ ಇಟ್ಟ. ಹುರಿದ ಮೀನು.

ದೇವಸಹಾಯಂ ಮುಂದೆಯೂ ಮೀನು. ಅವರ ನಡುಗುವ ಕೈಗೆ ಚಮಚವೊಂದೇ ಸಾಕಾಗುವಂತೆ ಮುಳ್ಳು ತೆಗೆದು ಸಣ್ಣಗೆ ಬಿಡಿಸಿದ್ದ ಮೀನು. ಡಿಕ್ರೂಜ್ ದಂಪತಿಗೂ ಅದೇ.

ಎಡ್ಮಂಡ್ ಎದ್ದು ಬಂದ. "ಟೀಚರ್, ನೀವು ಕೇಳಿದ್ದು ಚಿಕನ್ ಚಾಪ್ ಅಲ್ವಾ?"

ಪಾಂಗ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತ ನಿಂತ.

"ನಾನು ನಮ್ಮ ಪಾಂಗ್ ಹತ್ರ ಮಾತಾಡೋದನ್ನ ನೀವು ಕದ್ದು ಕೇಳಿದ್ರಾ?"

"ಕದ್ದು ಅಲ್ಲ, ಕಿವಿಗೆ ಬಿತ್ತು."

"ಹಾಗಾದ್ರೆ ಪೂರ್ತಿ ಬೀಳಿಸ್ಕೋಬೇಕಿತ್ತು. ಕೈ ತೊಳೆಯೋಕೆ ಹೋದಾಗ ಮೀನೇ ತಾ ಅಂದೆ. ಅಲ್ವೇನೋ ಪಾಂಗ್?"

ಪಾಂಗ್ ಅವರನ್ನು ಒಂದು ಕ್ಷಣ ನೋಡಿದ. "ಹೌದು ಟೀಚರ್," ಎಂದ.

ಎಡ್ಮಂಡ್ ದೇವಸಹಾಯಂ ಕಡೆ ತಿರುಗಿದ. "ನಿಮ್ಮದು ಮಟನ್ ಕರಿ."

"ಅವರು ಮೀನು ಅಂದ್ರು, ನನಗೂ ಆಸೆ ಆಯ್ತು."

"ಆ ದಂಪತಿಗೂ ಆಸೆ ಆಯ್ತಾ?"

"ನಮಗೆ ಯಾಕಪ್ಪ ಆಗಬಾರದು?" ಡಿಕ್ರೂಜ್ ಅಲ್ಲಿಂದಲೇ ಕೂಗಿದರು. "ಮದುವೆಯಾಗಿ ನಲವತ್ತಾರು ವರ್ಷ. ಉಳಿದಿರೋ ಆಸೆ ಅದೊಂದೇ."

ಅವರ ಹೆಂಡತಿ ಮೀನನ್ನು ಬಾಯಿಗಿಟ್ಟುಕೊಂಡು ಗಂಭೀರವಾಗಿ ತಲೆಯಾಡಿಸಿದರು.

"ನಾಲ್ಕಕ್ಕೆ ನಾಲ್ಕೂ ಜನ ಮನಸ್ಸು ಬದಲಾಯಿಸಿದ್ರಾ?" ಎಂದ ಎಡ್ಮಂಡ್.

"ನಾವು ಈ ಊರಿನವರು," ಎಂದರು ಟೀಚರ್. "ಯಾವತ್ತು ಏನು ತಿನ್ನಬೇಕು ಅಂತ ನಮಗೆ ಗೊತ್ತು. ಮೆನು ಕಾರ್ಡ್ ಓದಿ ಊಟ ಮಾಡೋದು ನಿಮ್ಮ ಆಫೀಸಿನವರ ಹಣೆಬರಹ. ಹೋಗಿ, ತಾತನ ಧೂಳು ಒರೆಸಿ."

ಅವನು ಹೋಗಲಿಲ್ಲ. ಕಟ್ಟೆಯ ಮೇಲೆ ಕಾಯುವ ಬೆಕ್ಕಿನಂತೆ ತನ್ನ ಮೇಜಿನಿಂದ ನೋಡುತ್ತಲೇ ಇದ್ದ. ಚಿಕ್ಕಂದಿನಿಂದ ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ಟೀಚರ್, ಅವನ ಕಣ್ಣೆದುರು, ಒಂದು ಚೂರೂ ಬಿಡದೆ ತಿಂದರು. ಕೊನೆಗೆ ಎಡ್ಮಂಡ್ ಫೋನಿನಲ್ಲಿದ್ದುದನ್ನು ಅಳಿಸಿ, ಪಾಂಗ್ ಕಡೆ ನೋಡದೆ ಮಹಡಿಯ ಆಫೀಸಿಗೆ ಹತ್ತಿಹೋದ.

ಹೊರಗಿನ ಮೆಟ್ಟಿಲ ಮೇಲೆ ಟೀಚರ್ ಬಾಯಿಗೆ ಲವಂಗ ಹಾಕಿಕೊಂಡರು.

"ಇವತ್ತು ಹೇಗೋ ಉಳಿದ," ಎಂದರು ದೇವಸಹಾಯಂ. "ಕೋಳಿಗೂ ಮೀನಿಗೂ ವ್ಯತ್ಯಾಸ ತಿಳಿಯದಷ್ಟು ಮರೆವು. ಎಷ್ಟು ದಿನ ಮುಚ್ಚಿಡೋಣ?"

"ಹಲ್ಲು ಇರೋವರೆಗೂ. ಅವನಿಗೆ ಮಾತ್ರ ಗೊತ್ತಾಗಬಾರದು, ನೊಂದ್ಕೋತಾನೆ."

ಒಳಗೆ ಬಾಣಸಿಗ ಸೆಂಗ್ ಬಾಣಲೆ ಉಜ್ಜುತ್ತಿದ್ದ. "ಕಂಪನಿ ಕಳಿಸಿದ ಆ ಐಸಿನಲ್ಲಿಟ್ಟ ಕೋಳಿ, ಕುರೀನೆಲ್ಲ ಟೂರಿಸ್ಟ್‌ಗಳು ಕೇಳಿದ ಹಾಗೇ ಕೊಟ್ಟೆ ಅಣ್ಣ. ತಿಂಗಳಾನುಗಟ್ಟಲೆ ಹಳೇದು. ಬೆಳಗ್ಗೆ ನೀನು ಮಾರ್ಕೆಟ್ಟಿಂದ ತಂದ ಮೀನು ನಿನ್ನ ನಾಲ್ಕು ಜನಕ್ಕೆ ಸರಿಹೋಯ್ತು. ದಿನಾ ಹೀಗೆ ಬೇರೇದೇ ತಂದಿಡ್ತೀಯ, ಒಬ್ಬರೂ ಏನೂ ಅನ್ನಲ್ವಾ?"

"ಪಾಪ, ವಯಸ್ಸಾಯ್ತಲ್ಲ," ಎಂದ ಪಾಂಗ್, ಬಿಳಿ ಕೋಟನ್ನು ಮೊಳೆಗೆ ಹಾಕುತ್ತ. "ತಾವು ಏನು ಕೇಳಿದ್ದು ಅನ್ನೋದು ಒಬ್ಬರಿಗೂ ನೆನಪಿರಲ್ಲ."