ಮಗುಚದ ಹಾಸಿಗೆ

ಬೆವರು ಹೀರಿದ ಹತ್ತಿ ಹಾಸಿಗೆಯ ವಾಸನೆ ಬಂದರೆ ನನಗೆ ಈಗಲೂ ತಲೆ ತಗ್ಗಿಸಬೇಕು ಅನಿಸುತ್ತದೆ.

ನಾವು ಬಹ್ರೇನಿನ ಸೆಗಯಾದಲ್ಲಿದ್ದೆವು. ಅಪ್ಪನನ್ನು ನಾವು ಉಪ್ಪ, ಅಮ್ಮನನ್ನು ಉಮ್ಮ ಅನ್ನುತ್ತಿದ್ದೆವು. ಉಪ್ಪ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮಗುಚಿ ಹಾಕುತ್ತಿದ್ದರು. ಮುಂಬೈಯ ಡೋಂಗ್ರಿಯಲ್ಲಿ ಕಲಿತ ಅಭ್ಯಾಸವಂತೆ. ಕೇಳಿದರೆ ಹೇಳುತ್ತಿದ್ದರು:

"ಬಂದರಿನ ಪಕ್ಕ ಅಲ್ವಾ? ಕಛ್‌ನವರು, ಕೊಂಕಣದವರು, ನಮ್ಮ ಬ್ಯಾರಿಗಳು, ಎಲ್ಲ ಬಂದು ಸೇರಿದ್ದು ಅಲ್ಲೇ. ಒಂದೊಂದು ಊರಿನವರಿಗೆ ಒಂದೊಂದು ಖೋಲಿ, ಒಂದೇ ಕೋಣೆ. ಒಂದೇ ಹಾಸಿಗೆಯಲ್ಲಿ ಹಗಲು ಒಬ್ಬ, ರಾತ್ರಿ ಒಬ್ಬ. ಎದ್ದವ ಮಗುಚಿಟ್ಟು ಹೋಗಬೇಕು. ಮಲಗುವವನಿಗೆ ನಮ್ಮ ಬೆವರು ತಾಗಬಾರದು."

ಒಂದು ಶುಕ್ರವಾರ ಮಧ್ಯಾಹ್ನ ಅಕ್ಕನನ್ನು ನೋಡಲು ಹುಡುಗನ ಕಡೆಯವರು ಬಂದರು.

"ಮುಂಬೈಯಲ್ಲಿ ಎಲ್ಲಿದ್ರಿ?" ಹುಡುಗನ ತಂದೆ ಕೇಳಿದರು.

"ಬಾಂದ್ರಾ ಸೈಡ್," ಅಂದರು ಉಪ್ಪ.

"ಅಲ್ಲ ಉಪ್ಪ, ಡೋಂಗ್ರಿ! ಆ ಹಾಸಿಗೆ ಕಥೆ ಹೇಳಿ!" ಅಂದೆ ನಾನು, ದೊಡ್ಡ ಬುದ್ಧಿವಂತೆಯ ಹಾಗೆ.

ಉಮ್ಮ ಹಲ್ವದ ತಟ್ಟೆ ಹಿಡಿದು ನಿಂತಲ್ಲೇ ನಿಂತರು. "ಟಿವಿ ನೋಡಿ ಏನೇನೋ ಹೇಳ್ತಾಳೆ," ಎಂದು ಉಪ್ಪ ನಕ್ಕರು. ಅವರ ಕಿವಿ ಕೆಂಪಾಗಿತ್ತು.

ಸಂಬಂಧವೇನೋ ಕುದುರಿತು. ಮರುದಿನ ಬೆಳಿಗ್ಗೆ ಉಪ್ಪ ಕೆಲಸಕ್ಕೆ ಹೋದ ಮೇಲೆ ನೋಡಿದೆ. ಹಾಸಿಗೆ ಮಗುಚಿರಲಿಲ್ಲ. ಅವರು ಮಲಗಿದ್ದ ಗುಳಿ ಹಾಗೇ ಇತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದೆ. ನನ್ನೊಬ್ಬಳಿಂದ ಅದು ಅಲುಗಲೇ ಇಲ್ಲ.