ಹೊಳೆಯ ಬಿಳಿಮಣ್ಣು

ಕೋಲುಗಾಲಿನ ಮೇಲೆ ಎರಡಾಳೆತ್ತರ ನಿಂತ ಬಿಳಿ ಮುಖವಾಡ ಕುಣಿಯಲು ಕಾಯುತ್ತಿತ್ತು. ಹಾಡೆತ್ತಬೇಕಾದ ಮತ್ಸಂಗಾ ಅಜ್ಜಿ ಮಾತ್ರ ಬಾಯಿ ತೆರೆಯಲಿಲ್ಲ. ಅವಳ ತಂಗಿಯ ಸೂತಕ ಕಳೆಯುವ ದಿನವದು. ಹಿಂದೆಂದೋ ಸತ್ತ ಕುಲದ ಹಿರಿಯಳ ಆ ಮುಖ ಕುಣಿಯದೆ ತಂಗಿ ಹಿರಿಯರ ಊರು ಸೇರುವಂತಿಲ್ಲ. ಆದರೆ ಮುಖ ಬಿಸಿಲಿಗೆ ತಟ್ಟೆಯಂತೆ ಹೊಳೆಯುತ್ತಿತ್ತು. ನ್ಗುನಿಯೆ ಹೊಳೆಯ ಬಿಳಿಮಣ್ಣಿನ ಬದಲು ಅಂಗಡಿಯ ಪೇಂಟು ಬಳಿದಿದ್ದರು.

“ಯಾರ ಮನೆ ಹೆಣ್ಣಮ್ಮ ನೀನು?” ಅಜ್ಜಿ ತಲೆಯೆತ್ತಿ ಕೇಳಿದಳು. “ನಮ್ಮಲ್ಲಿ ಸತ್ತೋರು ಹಿಂಗೆ ಮಿಂಚಲ್ಲ. ಬಾಗ್ಲಿಗೆ ಬಳಿಯೋದನ್ನ ಮುಖಕ್ಕೆ ಬಳ್ಕೊಂಡು ಬಂದಿದ್ದೀಯಲ್ಲ!”

ಹೆಂಗಸರು ಕಿಸಕ್ಕೆಂದರು. ಮುಖವಾಡದ ಒಳಗಿರುವವನು ಸತ್ತ ತಂಗಿಯ ಮಗ, ಪಟ್ಟಣದಿಂದ ಬಂದ ಬುಸ್ಸುಗು ಎಂದು ಎಲ್ಲರಿಗೂ ಗೊತ್ತು. ಹೆಂಗಸರು ಅದನ್ನು ಬಾಯಿಬಿಟ್ಟು ಆಡುವಂತಿಲ್ಲ, ಅಷ್ಟೇ. ಅಜ್ಜಿ ಸೊಂಟದ ಬಟ್ಟೆಯ ಗಂಟು ಬಿಚ್ಚಿ, ಬಿಳಿಮಣ್ಣಿನ ಉಂಡೆಯೊಂದನ್ನು ಕೋಲುಗಳ ಬುಡಕ್ಕೆಸೆದಳು.

“ತಗೋ, ತಾಯಿ. ಬಗ್ಗಿ ತಗೋ.”

ಅಷ್ಟೆತ್ತರ ಏರಿದವನು ಬಗ್ಗುವುದೆಲ್ಲಿಂದ ಬಂತು? ಒಂದು ಕೋಲು ನಡುಗಿತು.

“ತಿರುಗಿ ನಿಲ್ರೇ,” ಎಂದಳು ಅಜ್ಜಿ ಹೆಂಗಸರಿಗೆ. “ದೊಡ್ಡೋರು ಇಳಿಯೋದನ್ನ ನಾವು ನೋಡಬಾರ್ದು.”

ಸಾಲು ಬೆನ್ನುಗಳ ಹಿಂದೆ ಕೋಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಬಹಳ ಹೊತ್ತಿನ ಮೇಲೆ, ಮುಖವಾಡದ ಮರಕ್ಕೆ ಮಣ್ಣುಜ್ಜುವ ಸದ್ದು ಕೇಳಿಸಿತು. ಅಜ್ಜಿ ತಿರುಗದೆಯೇ ಹಾಡೆತ್ತಿದಳು.